ಅನುಮಾನಕ್ಕನ ಅರ್ಧ ಸೆಕೆಂಡು

ಹಾಲಿನ ಪೊಟ್ಟಣ ಕೊಳ್ಳುವಾಗ ತಾರೀಖು ನೋಡುವವರು ಬೇಕಾದಷ್ಟು ಜನ ಇದ್ದಾರೆ. ತಾರೀಖು ನೋಡಿ, ಆಮೇಲೆ ಆ ತಾರೀಖನ್ನು ಒತ್ತಿದವನು ಎಂಥವನಿರಬಹುದು ಎಂದು ಯೋಚಿಸುತ್ತಾ ಅಂಗಡಿಯ ಬಾಗಿಲಲ್ಲೇ ನಿಂತುಬಿಡುವವಳು ಆ ಬೀದಿಗೆಲ್ಲ ಒಬ್ಬಳೇ. ಕೆಲಸದ ಜಾಗದಲ್ಲಿ ಅವಳನ್ನು ಹಿಂದಿನಿಂದ ಅನುಮಾನಕ್ಕ ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಒಂದು ದಿನ ಮೆಟ್ಟಿಲ ಮರೆಯಲ್ಲಿ ನಿಂತು, ಕಿವಿಯಾರೆ ಕೇಳಿ, ಖಚಿತ ಮಾಡಿಕೊಂಡಿದ್ದಳು. ಕೋಪ ಬರಲಿಲ್ಲ. ಹೆಸರೇನೋ ಸರಿಯಾಗಿಯೇ ಇಟ್ಟಿದ್ದಾರೆ ಅನ್ನಿಸಿತು.

ಅವಳಿಗೆ ಐವತ್ತೆರಡು ವರ್ಷ. ಅಪ್ಪ ಅಂಗಡಿಗಳ ತಕ್ಕಡಿ, ತೂಕದ ಬೊಟ್ಟು ಪರೀಕ್ಷೆ ಮಾಡುವ ಇಲಾಖೆಯಲ್ಲಿದ್ದವರು; ಊಟಕ್ಕೆ ಕೂತಾಗಲೂ ಯಾವ ಅಂಗಡಿಯವನು ಬೊಟ್ಟಿನ ತಳಕ್ಕೆ ಏನು ಅಂಟಿಸಿದ್ದ ಎನ್ನುವುದೇ ಮಾತು. ಅಮ್ಮ ಬೇಗ ತೀರಿಕೊಂಡರು. ಹತ್ತು ವರ್ಷ ಚಿಕ್ಕವಳಾದ ತಂಗಿಯನ್ನು ಜಡೆ ಹಾಕಿ, ಪಾಠ ಹೇಳಿ, ಬೈದು, ಬೆಳೆಸಿದವಳು ಇವಳೇ. ತಾನು ಮದುವೆಯಾಗಲಿಲ್ಲ. ಬಂದ ಎರಡು ಮೂರು ಸಂಬಂಧಗಳಲ್ಲಿ ಎಲ್ಲವೂ ಸರಿ ಇತ್ತಂತೆ, ಹಾಗೆ ಎಲ್ಲವೂ ಸರಿ ಇದ್ದದ್ದೇ ಅವಳಿಗೆ ಹಿಡಿಸಲಿಲ್ಲವಂತೆ. ಇದು ತಂಗಿ ಹೇಳುವ ತಮಾಷೆ.

ಆದರೆ ಅವಳ ಕೆಲಸಕ್ಕೆ ಈ ಗುಣ ಹೇಳಿ ಮಾಡಿಸಿದ ಹಾಗಿತ್ತು. ಅವಳ ಕಂಪನಿ ಡಯಾಲಿಸಿಸ್ ಯಂತ್ರಗಳನ್ನು ತಯಾರಿಸುತ್ತಿತ್ತು. ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಮೂರು ಸಲ ಬಂದು, ನಾಲ್ಕು ಗಂಟೆ ಅದರ ಪಕ್ಕ ಒರಗಿ, ರಕ್ತ ಶುದ್ಧಿ ಮಾಡಿಸಿಕೊಂಡು ಹೋಗುವ ಯಂತ್ರ. ಅದರೊಳಗೆ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ಇದೆ. ಗುಂಡಿ ಒತ್ತಿದ ಮೇಲೆ ಪರದೆ ಬೆಳಗುವುದಕ್ಕೂ ಮುಂಚೆ ಅರ್ಧ ಸೆಕೆಂಡು ಏನೂ ಕಾಣುವುದಿಲ್ಲ, ಏನೂ ಕೇಳುವುದಿಲ್ಲ. ಆ ಅರ್ಧ ಸೆಕೆಂಡು ಅನುಮಾನಕ್ಕನದು. ಅಲ್ಲಿ ಓಡುವ ಪ್ರತಿ ಸಾಲನ್ನೂ ಅವಳೇ ಬರೆದಿದ್ದಳು. ಪಂಪಿನ ಬೋರ್ಡು, ಶಾಖದ ಬೋರ್ಡು, ಗಾಳಿಗುಳ್ಳೆ ಹಿಡಿಯುವ ಬೋರ್ಡು, ಒಂದೊಂದರ ಒಳಗೂ ಅದನ್ನು ನಡೆಸುವ ಫರ್ಮ್‌ವೇರ್ ಇರುತ್ತದೆ. ಬೂಟ್ ಆಗುವ ಮೊದಲ ಗಳಿಗೆಯಲ್ಲೇ ಅವಳ ತಪಾಸಣೆ ಒಂದೊಂದನ್ನೂ ಕೇಳುತ್ತದೆ: ನಿನ್ನದು ಎಷ್ಟನೇ ಆವೃತ್ತಿ? ಉತ್ತರ ಹಳೆಯದಾಗಿದ್ದರೆ ಯಂತ್ರ ಏಳುವುದೇ ಇಲ್ಲ. ಅಷ್ಟು ಬೇಗ ಯಾಕೆ ಕೇಳಬೇಕು, ಆಮೇಲೆ ನಿಧಾನವಾಗಿ ಕೇಳಿದರಾಗದೆ, ಎಂದು ಯಾರೋ ಒಮ್ಮೆ ಕೇಳಿದ್ದರು. "ಎಲ್ಲರೂ ಎದ್ದು ಮುಖ ತೊಳ್ಕೊಂಡ ಮೇಲೆ ಕೇಳಿದ್ರೆ ಸುಳ್ಳು ಹೇಳ್ತಾರೆ," ಅಂದಿದ್ದಳು.

ಇನ್ನು ತಂಗಿಯ ಗಂಡ. ಅವನೂ ಅದೇ ಕಂಪನಿಯಲ್ಲಿ ಸರ್ವಿಸ್ ಕೆಲಸದವನು. ಆಸ್ಪತ್ರೆಯಿಂದ ಆಸ್ಪತ್ರೆಗೆ ಪೆಟ್ಟಿಗೆ ಹಿಡಿದು ಅಲೆಯುವವನು. ಯಾರು ಏನೇ ಹೇಳಲಿ "ಹೂಂ" ಅನ್ನುವುದು ಅವನ ಸ್ವಭಾವವಾದ್ದರಿಂದ ಎಲ್ಲರೂ ಅವನನ್ನು ಹೂಂರಾಯ ಎಂದು ಕರೆಯುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಹೆಣ್ಣು ನೋಡಲು ಬಂದಾಗಲೂ ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದ. ಎಲ್ಲದಕ್ಕೂ ಒಪ್ಪುವವನು ಏನನ್ನೋ ಮುಚ್ಚಿಡುತ್ತಿರಬೇಕೆಂದು ಅನುಮಾನಕ್ಕ ಅವನ ಹಳೆಯ ಕಚೇರಿಗೆ ಹೋದಳು, ಮನೆ ಮಾಲೀಕನನ್ನು ಕೇಳಿದಳು, ಕೊನೆಗೆ ಅವನಿಗೆ ಕ್ಷೌರ ಮಾಡುವವನನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ. ಏನೂ ಸಿಗದೆ ಹೋದದ್ದರಿಂದ ಅನುಮಾನ ಇನ್ನೂ ಗಟ್ಟಿಯಾಯಿತು. ಮದುವೆ ನಡೆಯಿತು, ತಂಗಿ ಸುಖವಾಗಿದ್ದಳು, ಹಬ್ಬ ಹರಿದಿನಕ್ಕೆ ಅವನು "ಅಕ್ಕ ಬನ್ನಿ, ಅಕ್ಕ ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದು ಹಾಕುತ್ತಿದ್ದ. ಇವಳು ಕೂರುವ ಮುಂಚೆ ಕುರ್ಚಿಯ ಕಾಲು ಅಲ್ಲಾಡಿಸಿ ನೋಡುತ್ತಿದ್ದಳು.

ಹೀಗಿರುವಾಗ ಆ ವರ್ಷ ಪಂಪಿನ ಬೋರ್ಡಿನಲ್ಲಿ ಒಂದು ದೋಷ ಸಿಕ್ಕಿತು. ಒಂಬತ್ತನೇ ಆವೃತ್ತಿಯ ಫರ್ಮ್‌ವೇರ್ ಇದ್ದರೆ ಮೂರು ಗಂಟೆ ಓಡಿದ ಮೇಲೆ ಪಂಪು ತನ್ನಷ್ಟಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತಿತ್ತು. ಹನ್ನೆರಡನೇ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ಸರ್ವಿಸ್‌ನವರು ಹೋಗಿ ಪ್ರತಿಯೊಂದು ಯಂತ್ರಕ್ಕೂ ಕೇಬಲ್ ಹಾಕಿ ಹನ್ನೆರಡನ್ನು ತುಂಬಿ ಬರಬೇಕು. ಒಂದೊಂದಕ್ಕೆ ಇಪ್ಪತ್ತು ನಿಮಿಷ. ಹನ್ನೆರಡಕ್ಕಿಂತ ಕಡಿಮೆ ಇದ್ದರೆ ಯಂತ್ರವನ್ನು ಏಳಿಸಬೇಡ ಎಂದು ಅನುಮಾನಕ್ಕ ತನ್ನ ತಪಾಸಣೆಯ ಅಂಕಿ ಬದಲಿಸಿದಳು; ಸರ್ವಿಸ್‌ನವರು ಮೊದಲು ಅದನ್ನು ಯಂತ್ರಕ್ಕೆ ಹಾಕಿ, ಆಮೇಲೆ ಬೋರ್ಡಿಗೆ ಕೇಬಲ್ ಹಾಕಬೇಕಿತ್ತು. ಈಗ ಯಂತ್ರ ಎದ್ದಿದೆ ಅಂದರೆ ಬೋರ್ಡು ಹೊಸದಾಗಿದೆ ಎಂದೇ ಅರ್ಥ.

ಆದರೂ ಒಂದು ಆಸ್ಪತ್ರೆಯಲ್ಲಿ ಎದ್ದ ಯಂತ್ರವೊಂದರ ಪಂಪು ಮಿತಿಮೀರಿದ ವೇಗದಲ್ಲಿ ಓಡಿತು. ಒರಗಿದ್ದವರು ಒಬ್ಬ ನಿವೃತ್ತ ಬಸ್ ಡ್ರೈವರು; ಕಣ್ಣು ಕತ್ತಲೆ ಬಂದು, ಬೆವತು, ಮಾತು ತೊದಲಿತು. ನರ್ಸ್ ಓಡಿ ಬಂದು ನಿಲ್ಲಿಸಿದ್ದರಿಂದ ಉಳಿದರು. ಯಂತ್ರವನ್ನು ವರ್ಕ್‌ಶಾಪಿಗೆ ತಂದು ಬೋರ್ಡನ್ನು ಓದಿದರೆ ಆವೃತ್ತಿ ಒಂಬತ್ತು. ಆ ಆಸ್ಪತ್ರೆಗೆ ಹೋಗಿದ್ದವನು ಹೂಂರಾಯ.

ಅನುಮಾನಕ್ಕ ಅವನ ಸರ್ವಿಸ್ ಹಾಳೆ ತರಿಸಿಕೊಂಡಳು. ನಾಲ್ಕು ಯಂತ್ರ. ಮೂರರ ಮುಂದೆ "ಹಾಕಲಾಗಿದೆ" ಎಂದಿತ್ತು. ನಾಲ್ಕನೆಯದರ ಮುಂದೆ ಗುಂಡಗಿನ ಅಕ್ಷರದಲ್ಲಿ "ಮೊದಲೇ ಹೊಸದಿತ್ತು." ಏಳು ವರ್ಷದ ಹಳೆಯ ಯಂತ್ರದಲ್ಲಿ ಹೋದ ತಿಂಗಳು ಹುಟ್ಟಿದ ಆವೃತ್ತಿ ಮೊದಲೇ ಹೇಗಿರುತ್ತದೆ? ಅವಳು ಆಸ್ಪತ್ರೆಯ ಗೇಟಿನ ಪುಸ್ತಕವನ್ನೂ ಫೋಟೊ ತೆಗೆಸಿ ತರಿಸಿದಳು. ಒಳಗೆ ಹೋದದ್ದು ಬೆಳಿಗ್ಗೆ ಆರಕ್ಕೆ, ಹೊರಗೆ ಬಂದದ್ದು ಅಂದಾಜಿಗಿಂತ ಇಪ್ಪತ್ತು ನಿಮಿಷ ಮುಂಚೆ. ಇಪ್ಪತ್ತು ನಿಮಿಷ, ಸರಿಯಾಗಿ ಒಂದು ಯಂತ್ರದಷ್ಟು.

ಹಾಗಾದರೆ ಹಳೆಯ ಬೋರ್ಡು ಇಟ್ಟುಕೊಂಡು ಯಂತ್ರ ಎದ್ದದ್ದು ಹೇಗೆ? ಅದಕ್ಕೂ ಅವಳಲ್ಲಿ ಉತ್ತರವಿತ್ತು. ಸರ್ವಿಸ್‌ನವರ ಹತ್ತಿರ ಬೆರಳುದ್ದದ ಒಂದು ಕೀ ಇರುತ್ತದೆ. ಅದನ್ನು ಒಮ್ಮೆ ಚುಚ್ಚಿದರೆ ಯಂತ್ರದಲ್ಲಿ ಒಂದು ಗುರುತು ಬಿದ್ದು, ಅಲ್ಲಿಂದ ಮುಂದೆ ತಪಾಸಣೆ ಸುಮ್ಮನಿರುತ್ತದೆ. ಯಂತ್ರವನ್ನು ಸಾಗಿಸುವಾಗ ಬ್ಯಾಟರಿ ತೆಗೆಯಬೇಕೆಂದು ನಿಯಮ. ತೆಗೆದರೆ ಗುರುತೂ ಅಳಿಸಿಹೋಗುತ್ತದೆ. ವರ್ಕ್‌ಶಾಪಿನಲ್ಲಿ ಅದೇ ಯಂತ್ರ ಹತ್ತು ಸಲ ಹಾಕಿದರೂ ಏಳದೆ ಇದ್ದದ್ದು ಇದಕ್ಕೆ ಸರಿಯಾಗಿ ಕೂತಿತು. ಬೂಟ್ ದಾಖಲೆಯಲ್ಲಿ ಆವೃತ್ತಿಯ ಅಂಕಿ ಇರಲಿಲ್ಲ. ಅಷ್ಟು ಮುಂಚಿನ ಗಳಿಗೆಯಲ್ಲಿ ಬರೆದಿಡಲು ಜಾಗವೇ ಇರುವುದಿಲ್ಲವೆಂದು ಅವಳು "ಸರಿ" ಅಥವಾ "ತಪ್ಪು" ಎಂದಷ್ಟೇ ಬರೆಯುವಂತೆ ಮಾಡಿದ್ದಳು. ಅಲ್ಲಿ ಪ್ರತಿದಿನವೂ "ಸರಿ."

ಎರಡು ಪುಟದ ವರದಿ ಬರೆದಳು. ಎಲ್ಲಿಯೂ ಕಳ್ಳ ಎನ್ನಲಿಲ್ಲ. ಕೀ ಬಳಸದೆ ಇದು ಸಾಧ್ಯವಿಲ್ಲ, ಆ ದಿನ ಆ ಆಸ್ಪತ್ರೆಯಲ್ಲಿ ಕೀ ಇದ್ದದ್ದು ಒಬ್ಬರ ಕೈಯಲ್ಲಿ, ಎಂದು ಬರೆದು ಸಹಿ ಹಾಕಿದಳು. ಮ್ಯಾನೇಜರು ಓದಿ, ಬುಧವಾರ ಹನ್ನೊಂದಕ್ಕೆ ವಿಚಾರಣೆ ಎಂದರು. ರೋಗಿಯ ಜೀವಕ್ಕೆ ಬಂದ ವಿಷಯ. ಸಾಬೀತಾದರೆ ಕೆಲಸ ಹೋಗುವುದು ಖಂಡಿತ, ಇನ್ನೊಂದು ಕಡೆ ಸಿಗುವುದೂ ಕಷ್ಟ.

ಭಾನುವಾರ ತಂಗಿ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಅವರು ಮಾಡಿಲ್ಲ ಅಕ್ಕ."

"ನಿನಗೆ ಹೇಗೆ ಗೊತ್ತು?"

"ಮಾಡಿದ್ರೆ ಹೇಳ್ತಿದ್ರು."

"ಮಾಡಿದವರು ಯಾರಾದ್ರೂ ಹೇಳ್ತಾರೇನೆ?"

"ವರದಿ ಬರೆಯೋ ಮುಂಚೆ ಒಂದು ಮಾತು ಅವರನ್ನ ಕೇಳಿದ್ಯಾ?"

ಅನುಮಾನಕ್ಕ ಒಲೆಯ ಕಡೆ ತಿರುಗಿ ಪಾತ್ರೆ ಸರಿಸಿದಳು. ಕೇಳಿರಲಿಲ್ಲ. ಕೇಳಿದರೆ ಅವನು ಹೇಗಿದ್ದರೂ ಹೂಂ ಅನ್ನುತ್ತಾನೆ, ಅದರಿಂದ ಏನು ತಿಳಿದಂತಾಯಿತು, ಎನ್ನುವುದು ಅವಳ ಲೆಕ್ಕ.

"ನನಗೆ ಜಡೆ ಹಾಕಿದವಳು ನೀನು, ಅದಕ್ಕೆ ಹೆಚ್ಚು ಮಾತಾಡಲ್ಲ," ಅಂದಳು ತಂಗಿ. "ಅವರ ಕೆಲಸ ಹೋದ್ರೆ ನಾನು ಈ ಮನೆಗೆ ಬರಲ್ಲ." ಬಂದ ದಾರಿಯಲ್ಲೇ ಇಳಿದು ಹೋದಳು. ಅನುಮಾನಕ್ಕ ಆ ದಿನ ಮಾಡಿದ ಅಡುಗೆಯನ್ನು ಹಾಗೇ ಮುಚ್ಚಿಟ್ಟಳು. ಆದರೂ ವರದಿಯ ಒಂದಕ್ಷರ ಬದಲಿಸಬೇಕು ಅನ್ನಿಸಲಿಲ್ಲ. ಮನೆಯವರೆಂದು ಬಿಟ್ಟುಕೊಟ್ಟರೆ ತಾನು ಇಷ್ಟು ವರ್ಷ ಮಾಡಿದ್ದಕ್ಕೆ ಏನು ಬೆಲೆ?

ಸೋಮವಾರ, ಮಂಗಳವಾರ ಕಟ್ಟಡದ ವಿದ್ಯುತ್ ತಂತಿ ಬದಲಿಸುವುದಿತ್ತು. ಎರಡೂ ದಿನ ವರ್ಕ್‌ಶಾಪ್ ಮುಚ್ಚಿತ್ತು. ಬುಧವಾರ ಬೆಳಿಗ್ಗೆ ಏಳಕ್ಕೇ ಅವಳು ಬಂದಳು. ವಿಚಾರಣೆಯಲ್ಲಿ ಮ್ಯಾನೇಜರಿಗೆ ಯಂತ್ರ ಏಳದಿರುವುದನ್ನು ಕಣ್ಣಾರೆ ತೋರಿಸಬೇಕಿತ್ತು, ಅದಕ್ಕೊಂದು ಸಲ ನೋಡಿಬಿಡೋಣವೆಂದು. ಒಳಗೆ ಕೊರೆಯುವ ಚಳಿ. ಹೀಟರ್ ಇನ್ನೂ ಹಾಕಿರಲಿಲ್ಲ. ಕೋಟು ತೆಗೆಯದೆ ಗುಂಡಿ ಒತ್ತಿದಳು.

ಯಂತ್ರ ಎದ್ದಿತು.

ಪರದೆಯ ಮೇಲೆ ಹಸಿರು ಬಣ್ಣದಲ್ಲಿ "ಸಿದ್ಧ." ಅವಳ ಮೊದಲ ಅನುಮಾನ ಕಾವಲುಗಾರನ ಮೇಲೆ ಹೋಯಿತು: ಮುಚ್ಚಿದ್ದ ದಿನಗಳಲ್ಲಿ ಯಾರನ್ನೋ ಒಳಗೆ ಬಿಟ್ಟಿದ್ದಾನೆ, ಆ ಯಾರೋ ಹೂಂರಾಯನೇ, ಬಂದು ಮತ್ತೆ ಕೀ ಚುಚ್ಚಿ ಹೋಗಿದ್ದಾನೆ. ಬ್ಯಾಟರಿ ಇಡುವ ಜಾಗ ತೆರೆದು ನೋಡಿದಳು. ಬ್ಯಾಟರಿಯೇ ಇಲ್ಲ. ಬ್ಯಾಟರಿ ಇಲ್ಲದೆ ಗುರುತು ನಿಲ್ಲುವುದಿಲ್ಲ. ಆರಿಸಿ ಮತ್ತೆ ಹಾಕಿದಳು. ಈ ಸಲ ಯಂತ್ರ ಏಳಲಿಲ್ಲ. ಮತ್ತೊಮ್ಮೆ, ಮಗದೊಮ್ಮೆ. ಏಳಲಿಲ್ಲ. ಅಂದರೆ ಎದ್ದದ್ದು ಮೊದಲ ಸಲ ಮಾತ್ರ.

ಸ್ಟೂಲ್ ಎಳೆದುಕೊಂಡು ಕೂತಳು. ಮೊದಲ ಸಲಕ್ಕೂ ಎರಡನೇ ಸಲಕ್ಕೂ ಬದಲಾದದ್ದು ಏನು? ಯಾರೂ ಬಂದಿಲ್ಲ, ಯಾರೂ ಮುಟ್ಟಿಲ್ಲ. ಬೋರ್ಡು ಒಂಚೂರು ಬೆಚ್ಚಗಾಗಿದೆ, ಅಷ್ಟೆ.

ಪಂಪಿನ ಬೋರ್ಡನ್ನು ಬಿಚ್ಚಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎಲ್ಲರೂ ಊಟದ ಡಬ್ಬಿ ಇಡುವ ಫ್ರಿಜ್ಜಿನಲ್ಲಿ ಇಟ್ಟಳು. ಅದು ತಣಿಯುವಷ್ಟರಲ್ಲಿ ತನ್ನ ತಪಾಸಣೆಗೆ ಒಂದು ಸಾಲು ಸೇರಿಸಿದಳು: ಬೋರ್ಡು ಹೇಳಿದ ಅಂಕಿಯನ್ನು ಇದ್ದಂತೆ ಕೇಬಲ್ಲಿನ ಮೂಲಕ ತನ್ನ ಲ್ಯಾಪ್‌ಟಾಪಿಗೆ ಕಳಿಸು. ಒಂದು ಗಂಟೆಯ ಮೇಲೆ ಬೋರ್ಡು ತೆಗೆದು ಜೋಡಿಸಿ ಗುಂಡಿ ಒತ್ತಿದಳು. ಯಂತ್ರ ಎದ್ದಿತು. ಲ್ಯಾಪ್‌ಟಾಪಿನಲ್ಲಿ ಒಂದೇ ಅಂಕಿ ಬಂದು ನಿಂತಿತ್ತು: ಇನ್ನೂರ ಐವತ್ತೈದು.

ಅಂಥ ಆವೃತ್ತಿ ಜಗತ್ತಿನಲ್ಲಿಲ್ಲ. ಅದು ಉತ್ತರವೇ ಅಲ್ಲ. ಬೋರ್ಡು ಮಾತಾಡದೆ ಇದ್ದಾಗ ಖಾಲಿ ತಂತಿಗಳು ಸೊನ್ನೆ ತೋರಿಸುವುದಿಲ್ಲ, ತಮ್ಮ ಪಾಡಿಗೆ ತೋರಿಸಬಲ್ಲ ಅತಿ ದೊಡ್ಡ ಅಂಕಿಯಲ್ಲೇ ನಿಂತಿರುತ್ತವೆ. ಆಗ ಓದಿದರೆ ಸಿಗುವ ಅಂಕಿ ಇದು. ವಯಸ್ಸಾದ ಬೋರ್ಡು ಚಳಿಗೆ ಏಳಲು ತಡ ಮಾಡಿದೆ. ಅದು ಕಣ್ಣು ಬಿಡುವ ಮುಂಚೆಯೇ ಅವಳ ತಪಾಸಣೆ ಹೋಗಿ ಕೇಳಿದೆ. ಹನ್ನೆರಡಕ್ಕಿಂತ ಕಡಿಮೆಯಾ? ಇನ್ನೂರ ಐವತ್ತೈದು ಕಡಿಮೆಯಲ್ಲ. ಹಾಗಾದರೆ ಸರಿ. ಹಾಜರಿ ಕರೆದಾಗ ಉತ್ತರ ಕೊಡದವನನ್ನು ಎಲ್ಲರಿಗಿಂತ ಮುಂಚೆ ಬಂದವನೆಂದು ಬರೆದುಕೊಂಡ ಮೇಷ್ಟರ ಕಥೆ ಇದು. ಆಸ್ಪತ್ರೆಯಲ್ಲಿ ಆರು ಗಂಟೆಯ ಚಳಿಯಲ್ಲಿ ಹೂಂರಾಯ ಕೇಬಲ್ ಹಾಕಿದಾಗಲೂ ಯಂತ್ರ ಇದನ್ನೇ ಹೇಳಿರಬೇಕು: ಹೊಸದಿದೆ, ಹಾಕುವ ಅಗತ್ಯವಿಲ್ಲ. ಅವನು ಕಂಡದ್ದನ್ನು ಬರೆದ. ಇಪ್ಪತ್ತು ನಿಮಿಷ ಉಳಿಯಿತು, ಮನೆಗೆ ಹೋದ.

ಒಂಬತ್ತು ವರ್ಷದ ಹಿಂದೆ ತಾನು ಬರೆದ ಆ ಸಾಲನ್ನು ಅವಳು ತೆರೆದು ನೋಡಿದಳು. ಹಾಲಿನವನನ್ನು, ಕಾವಲುಗಾರನನ್ನು, ತಂಗಿಯ ಗಂಡನನ್ನು ಅನುಮಾನಿಸಿದವಳು ಈ ಒಂದು ಸಾಲನ್ನು ಮಾತ್ರ ಅನುಮಾನಿಸಿರಲಿಲ್ಲ. ನಾಚಿಕೆಯಾಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು, ಅದನ್ನು ಮುಚ್ಚಿಟ್ಟರೆ ಅವಳ ಕಥೆ ಹೇಳಿದಂತಾಗುವುದಿಲ್ಲ. ಈ ಸಾಲನ್ನು ಓದುವವರು ಬೇರೆ ಯಾರೂ ಇಲ್ಲ. ಮುಂದಿನ ಸಲ ಸದ್ದಿಲ್ಲದೆ ತಿದ್ದಿ ಕಳಿಸಿದರೆ ಒಂದು ನರಪಿಳ್ಳೆಗೂ ತಿಳಿಯುವುದಿಲ್ಲ. ಹತ್ತೂವರೆಯವರೆಗೂ ಅವಳು ಆ ಯೋಚನೆಯ ಜೊತೆ ಕೂತಿದ್ದಳು. ಆಮೇಲೆ ಲ್ಯಾಪ್‌ಟಾಪನ್ನು ತೆರೆದಂತೆಯೇ ಎತ್ತಿಕೊಂಡು ಮ್ಯಾನೇಜರ ಕೋಣೆಗೆ ನಡೆದಳು.

ಹೂಂರಾಯ ಆಗಲೇ ಬಂದು ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮಡಿಲಲ್ಲಿ ಕೈ. ಅವಳು ಬಾಯಿ ತೆರೆಯುವ ಮುಂಚೆ ಮ್ಯಾನೇಜರು ಒಂದು ಕಾಗದ ಎತ್ತಿದರು.

"ಇನ್ನು ವಿಚಾರಣೆ ಏನೂ ಉಳಿದಿಲ್ಲ. ಇವರೇ ಬರೆದುಕೊಟ್ಟಿದ್ದಾರೆ. ಕೀ ಬಳಸಿದ್ದು ತಾನೇ ಅಂತ."

ಅನುಮಾನಕ್ಕ ಅವನ ಕಡೆ ತಿರುಗಿದಳು. "ಕೀ ಚುಚ್ಚಿದ್ದು ನಿಮಗೆ ನೆನಪಿದೆಯಾ?"

"ಇಲ್ಲ ಅಕ್ಕ."

"ಮತ್ತೆ ಯಾಕೆ ಬರೆದ್ರಿ?"

"ನಿಮ್ಮ ವರದೀಲಿ ಇತ್ತಲ್ಲ. ನೀವು ನೋಡದೆ ಬರೆಯೋರಲ್ಲ. ಎರಡು ದಿನ ಯೋಚನೆ ಮಾಡ್ದೆ, ನಾನೇ ಎಲ್ಲೋ ಮರೆತಿರ್ಬೇಕು ಅನ್ನಿಸ್ತು. ಆ ಡ್ರೈವರ್ ಅವರನ್ನ ನೋಡ್ಕೊಂಡು ಬಂದೆ. ಕ್ಷಮೆ ಕೇಳ್ದೆ," ಅಂದ.

ಹನ್ನೊಂದು ವರ್ಷ ಅವಳು ಅವನ ಒಂದು ಮಾತನ್ನೂ ನಂಬಿರಲಿಲ್ಲ. ಅವನು ಅವಳ ಮಾತನ್ನು ತನ್ನ ನೆನಪಿಗಿಂತ ಹೆಚ್ಚು ನಂಬಿದ್ದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. "ಅವರು ಮಾಡಿದ್ದಲ್ಲ ಸಾರ್, ನಾನು ಮಾಡಿದ್ದು," ಎಂದು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಚಳಿಯಿಂದ ಹಿಡಿದು ಇನ್ನೂರ ಐವತ್ತೈದರವರೆಗೆ ಎಲ್ಲವನ್ನೂ ಹೇಳಿದಳು.

ಮ್ಯಾನೇಜರು ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು. "ಹೊರಗೆ ಮುನ್ನೂರು ಚಿಲ್ಲರೆ ಯಂತ್ರ ಇವೆ. ಅದರಲ್ಲಿ ಎಷ್ಟು ನಿಜವಾಗಿ ಹೊಸದು?"

"ಗೊತ್ತಿಲ್ಲ ಸಾರ್. ಇವತ್ತೇ ಎಲ್ಲ ಆಸ್ಪತ್ರೆಗೂ ಫೋನ್ ಮಾಡಿಸಿ. ಬೆಳಿಗ್ಗೆ ಒಂದು ಸಲ ಹಾಕಿ, ಆರಿಸಿ, ಮತ್ತೆ ಹಾಕ್ಲಿ. ಎರಡನೇ ಸಲ ಏಳದೆ ಇದ್ದದ್ದನ್ನ ರೋಗಿಗಳಿಗೆ ಹಚ್ಚಬಾರದು."

ಸಂಜೆಯೊಳಗೆ ಎಲ್ಲರಿಗೂ ಫೋನ್ ಹೋಯಿತು. ಮಾರನೆಯ ದಿನ ಹದಿನೇಳು ಯಂತ್ರಗಳು ಎರಡನೇ ಸಲ ಏಳಲಿಲ್ಲವೆಂದು ಸುದ್ದಿ ಬಂತು. ಅನುಮಾನಕ್ಕನಿಗೆ ಎಚ್ಚರಿಕೆಯ ಪತ್ರ ಬಂತು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲನೆಯದು. ಅವಳು ಅದಕ್ಕೆ ಸಹಿ ಹಾಕಿ ಕೊಟ್ಟು, ತಪಾಸಣೆಯನ್ನು ತಿದ್ದಲು ಕೂತಳು. ಮೊದಲು ಬೋರ್ಡು ಎದ್ದಿದೆಯೇ ಎಂದು ಕೇಳು, ಎದ್ದ ಮೇಲೆ ಆವೃತ್ತಿ ಕೇಳು, ಉತ್ತರವಿಲ್ಲದಿದ್ದರೆ ಯಂತ್ರವನ್ನು ಏಳಿಸಬೇಡ. ಎರಡು ದಿನ ತಿದ್ದಿದಳು.

ಶನಿವಾರ ಅದನ್ನು ಒಂದು ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ತಂಗಿಯ ಮನೆಗೆ ಹೋದಳು. ಸೋಮವಾರ ಹೂಂರಾಯ ಹೊರಡುವುದಿತ್ತು. ತಂಗಿ ಬಾಗಿಲು ತೆಗೆದು ದಾರಿ ಬಿಟ್ಟಳು. ಅದೇ ದೊಡ್ಡದಾಗಿ ಕಂಡಿತು ಅನುಮಾನಕ್ಕನಿಗೆ. ಊಟದ ಮೇಜಿನ ಮೇಲೆ ಅವನ ಪೆಟ್ಟಿಗೆ ತೆರೆದಿತ್ತು. ಕೇಬಲ್ಲುಗಳನ್ನು ಸುತ್ತಿ ಸುತ್ತಿ ಇಡುತ್ತಿದ್ದ.

"ಇದು ಹೊಸ ತಪಾಸಣೆ," ಎಂದು ಅವಳು ಕಾರ್ಡನ್ನು ಮೇಜಿನ ಮೇಲಿಟ್ಟಳು. "ಎಲ್ಲ ಯಂತ್ರಕ್ಕೂ ಹಾಕಿ ಬನ್ನಿ."

ಅವನು ಕಾರ್ಡನ್ನು ಎತ್ತಿಕೊಂಡ. ಪೆಟ್ಟಿಗೆಗೆ ಹಾಕಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದ. ಕೇಳಲೋ ಬೇಡವೋ ಎಂದು ಒಂದು ಸಲ ಹೆಂಡತಿಯ ಮುಖ ನೋಡಿದ.

"ಇದನ್ನ ಇನ್ಯಾರಾದ್ರೂ ನೋಡಿದ್ದಾರಾ ಅಕ್ಕ?"

ಅವನ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಸಹಿಸಬಹುದಿತ್ತು. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಅವಳಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಸಿಟ್ಟು ಬರುವುದೇನೋ ಎಂದು ಕಾದಳು, ಬರಲಿಲ್ಲ. ಬಂದದ್ದು ದುಃಖ. ಈ ಮನುಷ್ಯನಿಗೆ ಜಗತ್ತಿನಲ್ಲಿ ಯಾರನ್ನೂ ಹೀಗೆ ಕೇಳಿ ಗೊತ್ತಿರಲಿಲ್ಲ. ಕಲಿಸಿದವಳು ತಾನು.

"ಇಲ್ಲ," ಅಂದಳು. "ನಾನೊಬ್ಬಳೇ ನೋಡಿದ್ದು."

"ಹಾಗಾದ್ರೆ ಮೊದಲು ಬೇರೆಯವರು ಯಾರಾದ್ರೂ ನೋಡ್ಲಿ. ಆಮೇಲೆ ತಗೊಂಡು ಹೋಗ್ತೀನಿ." ಕಾರ್ಡನ್ನು ಎರಡು ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. "ಬೇಜಾರು ಮಾಡ್ಕೋಬೇಡಿ ಅಕ್ಕ."

"ನೀವು ಕೇಳಿದ್ದು ಸರಿಯಾಗೇ ಇದೆ," ಎಂದು ಅವಳು ಕಾರ್ಡನ್ನು ವಾಪಸ್ಸು ತೆಗೆದುಕೊಂಡಳು.